ಪಾತ್ರೆ ಲಾರಿಯಿಂದ ಇಳಿದವಳು

ಅದಿರಿಗೆ ಚಿನ್ನದ ಬೆಲೆ ಬಂದಿದ್ದ ವರ್ಷಗಳವು. ಸಂಡೂರಿನ ಗುಡ್ಡದಿಂದ ಇಳಿಯುವ ಲಾರಿಗಳಿಗೆ ಹೊಸಪೇಟೆಯಲ್ಲಿ ಹಗಲು ರಾತ್ರಿ ಎಂಬುದಿರಲಿಲ್ಲ. ದಿಕ್ಕು ತಪ್ಪಿದ ಮಕ್ಕಳನ್ನು ಹೆತ್ತವರಿಗೆ ಮುಟ್ಟಿಸುವ ಎರಡು ಕೋಣೆಯ ಆಸರೆಮನೆಯಲ್ಲಿ ನಾನು ಕೆಲಸಕ್ಕಿದ್ದೆ. ಇವೆಲ್ಲ ಓಡಿಬಂದ ಮಕ್ಕಳು, ಇವತ್ತು ಕಳಿಸಿದರೆ ನಾಳೆ ಮತ್ತೆ ಬರುತ್ತವೆ ಎಂದು ಉಪದೇಶ ಮಾಡಿದ ಯಾರನ್ನೂ ನಾನು ಜಗಳವಾಡದೆ ಬಿಟ್ಟವಳಲ್ಲ.

ನಮ್ಮಲ್ಲಿಗೆ ಬಂದ ಐದಾರು ವರ್ಷದ ಆ ಹುಡುಗಿ ಓಡಿಬಂದವಳಲ್ಲ, ಉಳಿದುಹೋದವಳು. ಗಣಿಯ ಕೂಲಿಗಳು ಒಂದು ಕಡೆ ಕೆಲಸ ಮುಗಿದೊಡನೆ ಗುಡಿಸಲು ಕಿತ್ತು ಇನ್ನೊಂದು ಕಡೆ ಹೊರಡುತ್ತಾರೆ. ದೊಡ್ಡವರಿಗೆ ಒಂದು ಲಾರಿ. ಪಾತ್ರೆ, ತಾಡಪತ್ರಿ, ಕೋಳಿ, ಮಕ್ಕಳಿಗೆ ಇನ್ನೊಂದು. ಹೊಸಪೇಟೆಯಲ್ಲಿ ಡ್ರೈವರ್ ಚಹಾಕ್ಕೆಂದು ನಿಲ್ಲಿಸಿದಾಗ ಇವಳು ನೀರು ಕುಡಿಯಲು ಇಳಿದಳು. ತಿರುಗಿ ಬರುವಷ್ಟರಲ್ಲಿ ಲಾರಿ ಹೋಗಿತ್ತು. ಸಂಜೆ ಪಾತ್ರೆ ಇಳಿಸಿಕೊಳ್ಳುವಾಗಲೇ ತಾಯಿಗೆ ತಿಳಿದದ್ದು.

ಊರು ಯಾವುದೆಂದು ಕೇಳಿದರೆ ಕೆಂಪು ಗುಡ್ಡ ಎನ್ನುತ್ತಿದ್ದಳು. ನಮ್ಮ ಕಡೆ ಯಾವ ಗುಡ್ಡ ಕೆಂಪಲ್ಲ? ಅವಳ ಫೋಟೊ ಹಿಡಿದು ಸಂಡೂರು ಸುತ್ತಿದೆ, ಕುರೆಕುಪ್ಪದ ಕ್ಯಾಂಪುಗಳನ್ನು ಅಲೆದೆ. ಕಾವಲಿನವರು ಗೇಟಿನಲ್ಲೇ ಗದರಿಸಿ ಓಡಿಸಿದರು. ಮರುದಿನ ಮತ್ತೆ ಹೋದೆ. ಕೊನೆಗೆ ಕಂಪ್ಲಿ ಬಸ್ ನಿಲ್ದಾಣದಲ್ಲಿ, ಭತ್ತದ ನಾಟಿಗೆ ಹೊರಟಿದ್ದ ಹೆಂಗಸರು ಸುಳಿವು ಕೊಟ್ಟರು. ಗಣಿ ಬಿಟ್ಟು ಬಂದ ಒಬ್ಬಾಕೆ ಎಮ್ಮಿಗನೂರಿನಲ್ಲಿ ಕಂಡಕಂಡ ಲಾರಿ ನಿಲ್ಲಿಸಿ ಮಗಳ ಬಗ್ಗೆ ಕೇಳುತ್ತಾಳಂತೆ.

ಹೇಳಿಕಳಿಸಿದ ದಿನವೇ ತಾಯಿ ಬಂದಳು, ಗದ್ದೆಯ ಕೆಸರುಗಾಲಲ್ಲೇ. ಮಗಳು ಅವಳನ್ನು ಕಂಡದ್ದೇ ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟಳು. ಎಷ್ಟು ಕರೆದರೂ ತಿರುಗಲಿಲ್ಲ. ತಾಯಿಯ ಹತ್ತಿರ ರೇಷನ್ ಕಾರ್ಡೂ ಇರಲಿಲ್ಲ. ಮಗು ಗುರುತೇ ಹಿಡಿಯುತ್ತಿಲ್ಲ, ಹೀಗೆ ಬಂದವರ ಕೈಗೆಲ್ಲ ಒಪ್ಪಿಸಲಾಗದು, ಬಳ್ಳಾರಿಯ ಅನಾಥಾಲಯಕ್ಕೆ ಕಳಿಸುತ್ತೇನೆ ಎಂದು ತನಿಖೆಗೆ ಬಂದಿದ್ದ ಅಧಿಕಾರಿ ಪೆನ್ನು ತೆಗೆದರು. ಹೊರಗೆ ಜೀಪು ಸಿದ್ಧವಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲಿಗೆ ಅಡ್ಡಲಾಗಿ ಕುಳಿತೆ.

"ಸರ, ಗುರುತಿಲ್ಲದೋರ ಮ್ಯಾಲೆ ಯಾವ ಕೂಸು ಹಿಂಗ ಮುನಿಸ್ಕೊಂತೈತಿ ಹೇಳ್ರಿ? ನಾನಂತೂ ಏಳಂಗಿಲ್ಲ. ಬೇಕಾದ್ರ ನನ್ನ ದಾಟಿ ಕರ್ಕೊಂಡು ಹೋಗ್ರಿ."

ಕೆಲಸ ಹೋದೀತು ಎಂದರು. ಹೋಗಲಿ ಎಂದೆ. ಕಾರ್ಡಿಲ್ಲ ಎಂಬ ಒಂದೇ ಕಾರಣಕ್ಕೆ ತಾಯಿಯನ್ನು ತಾಯಿಯಲ್ಲವೆನ್ನುವ ಕಾನೂನಿಗೆ ತಲೆಬಾಗುವುದು ನನ್ನಿಂದ ಆಗದ ಮಾತಾಗಿತ್ತು.

ನಮ್ಮ ಜಗಳ ಕಂಡು ಗಾಬರಿಯಾದ ತಾಯಿ ಅಧಿಕಾರಿಯ ಕಾಲಿಗೆ ಬೀಳಹೋದಳು. ಗೋಡೆಯ ಕಡೆ ಇದ್ದ ಮಗಳು ಅದೆಲ್ಲಿಂದ ನೋಡಿದಳೋ, ಛಂಗನೆ ಎದ್ದು ಬಂದು ಅವಳ ರಟ್ಟೆ ಹಿಡಿದು ಮೇಲಕ್ಕೆಳೆದಳು. ಆಮೇಲೆ ಎರಡೂ ಮುಷ್ಟಿಯಿಂದ ಅವಳ ಬೆನ್ನಿಗೆ ಗುದ್ದತೊಡಗಿದಳು.

"ಲಾರಿ ಬಿಡಾಕಿಂತ ಮೊದ್ಲು ಪಾತ್ರಿ ಎಲ್ಲಾ ಎಣಸ್ತಿ. ನನ್ನ ಯಾಕ ಎಣಸಲಿಲ್ಲ, ಯವ್ವಾ?"

ಅಧಿಕಾರಿಯ ಪೆನ್ನು ನಿಂತಿತು. ತಾಯಿ ಇನ್ನಷ್ಟು ಬಾಗಿ, ಮಗಳಿಗೆ ಕೈ ಎಟುಕುವಂತೆ ಬೆನ್ನೊಡ್ಡಿ ನಿಂತು, "ಹೊಡಿಯವ್ವ, ಹೊಡಿ" ಎಂದಳು.