ಅವ್ವ ಕಾಲೆತ್ತೋ ಎತ್ತರ

ಕಾಲೇಜು ಬಿಟ್ಟು ಮನೆ ಅಂಗಳದಲ್ಲಿ ಪೈಪ್ ಬಗ್ಗಿಸಿ ಗಾಡಿಯ ಚಾಸಿ, ಅಂದ್ರೆ ಅಡಿಯ ಚೌಕಟ್ಟು, ಮಾಡ್ತಿದ್ದೆ, ಮಂಡಿನೋವಿನ ಅವ್ವನ್ನ ಹೊಲಕ್ಕೆ ಕರ್ಕೊಂಡು ಹೋಗೋಕೆ. ಬಗ್ಗಿಸಿದ್ದೆಲ್ಲ ಚಪ್ಪಟೆ ಆಯ್ತು. ಉಳಿದ ಒಂದೇ ಪೈಪ್ ಹೊತ್ಕೊಂಡು ಶಿರಾಳಕೊಪ್ಪದಲ್ಲಿ ಕಬ್ಬಿಣದ ತೊಟ್ಟಿಲು ಮಾಡೋ ಚಾಚಾ ಹತ್ರ ಹೋದೆ.

ಅವರು ಪೈಪಿಗೆ ಒಣ ಮರಳು ತುಂಬ್ತಾ, "ಒಳಗೆ ಖಾಲಿ ಇದ್ರೆ ಹಂಗೇ ಆಗೋದು" ಅಂದ್ರು.

"ಪೈಪಿಗೆ ಹೇಳಿದ್ರೋ, ನನಗೋ?"

ನಕ್ಕು ನನ್ನ ಡ್ರಾಯಿಂಗ್ ನೋಡಿದ್ರು. "ಹತ್ತೋ ಕಡೆ ಪೈಪ್ ಇಷ್ಟೆತ್ತರ ಇಟ್ಟೀಯಲ್ಲ ತಮ್ಮಾ, ಅವ್ವ ಕಾಲು ಎಷ್ಟು ಎತ್ತುತಾರೆ?"

ಅದೊಂದನ್ನ ನಾನು ಅಳೆದೇ ಇರ್ಲಿಲ್ಲ. ಸ್ಪೀಕರ್ ಹಾಕಿ ಅವ್ವಂಗೇ ಫೋನ್ ಮಾಡಿ ಕೇಳಿದೆ.

"ನಿನ್ನ ಒದಿಯೋಷ್ಟು ಎತ್ತುತೀನಿ, ಮನೆಗೆ ಬಾ!"

ಚಾಚಾ ಡ್ರಾಯಿಂಗಲ್ಲಿ ಆ ಪೈಪಿನ ಗುರುತನ್ನ ಒಂದು ಗೇಣು ಕೆಳಗೆ ಹಾಕಿದ್ರು.

ಈಗ ಅವ್ವ ಗಾಡಿ ಸಲೀಸಾಗಿ ಹತ್ತುತಾಳೆ. ಒದೆ ಮಾತ್ರ ಇನ್ನೂ ಬಾಕಿ.