ಸೊಸೆಯ ಮುಖಕ್ಕೆ ನಾನು ತಂದ ಕ್ರೀಮು

ಇದು ನಡೆದದ್ದು ಹೋದ ವರ್ಷ, ಯುಗಾದಿಗೂ ಗೌರಿ ಹಬ್ಬಕ್ಕೂ ನಡುವೆ. ನನಗೆ ಎಪ್ಪತ್ತೊಂದು ವರ್ಷ ಎಂದು ಆಧಾರ್ ಕಾರ್ಡಿನಲ್ಲಿದೆ. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದರು. ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಅಷ್ಟೇ. ಇದನ್ನೂ ಹಾಗೇ ಅಕ್ಷರ ಕೂಡಿಸಿಕೊಂಡು, ತಿಂಗಳುಗಟ್ಟಲೆ ಕೂತು ನಾನೇ ಬರೆದೆ. ಕಾಗುಣಿತ ತಪ್ಪಿದ್ದನ್ನು ಮೊಮ್ಮಗಳು ತಿದ್ದಿದ್ದಾಳೆ. ನಡೆದದ್ದನ್ನು ತಿದ್ದಲು ಬಿಟ್ಟಿಲ್ಲ.

ನಮ್ಮೂರು ಚನ್ನರಾಯಪಟ್ಟಣಕ್ಕೂ ಹೊಳೆನರಸೀಪುರಕ್ಕೂ ನಡುವೆ. ಮನೆಯಲ್ಲಿ ಮಗ, ಸೊಸೆ ಸುಧಾ, ಇಬ್ಬರು ಮೊಮ್ಮಕ್ಕಳು ಮತ್ತು ನಾನು. ಸುಧಾಗೆ ಆಗ ಮೂವತ್ತನಾಲ್ಕು. ಚನ್ನರಾಯಪಟ್ಟಣದ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ. ದಿನಾ ಸ್ಕೂಟರಿನಲ್ಲಿ ಬಿಸಿಲಲ್ಲಿ ಹೋಗಿ ಬರುತ್ತಾಳೆ. ಎರಡನೇ ಮಗು ಆದ ಮೇಲೆ ಅವಳ ಎರಡೂ ಕೆನ್ನೆಗೆ ಬಂಗು ಬಂತು. ಮೊದಲು ಕಾಫಿ ಕಲೆಯಷ್ಟಿತ್ತು, ಬರುಬರುತ್ತಾ ಕೆನ್ನೆ ತುಂಬಾ ಹರಡಿತು. ಅಂಗಡಿಗೆ ಬಂದವರು ಸೀರೆ ನೋಡುವುದು ಬಿಟ್ಟು, ಏನಮ್ಮ ಮುಖಕ್ಕೆ ಹಿಂಗಾಗಿದೆ ಎಂದು ಕೇಳುತ್ತಿದ್ದರಂತೆ.

ಅವಳು ಮೊಬೈಲು ನೋಡಿ ನೋಡಿ ಮುಖಕ್ಕೆ ಒಂದು ಕ್ರಮ ಮಾಡಿಕೊಂಡಳು. ಬೆಳಿಗ್ಗೆ ನೊರೆ ಬರುವ ಒಂದರಲ್ಲಿ ಮುಖ ತೊಳೆಯುವುದು, ಸಣ್ಣ ಸೀಸೆಯಿಂದ ಮೂರು ತೊಟ್ಟು ಸೀರಮ್ ಹಚ್ಚುವುದು, ಅದು ಆರಿದ ಮೇಲೆ ಒಂದು ಕ್ರೀಮು, ಅದರ ಮೇಲೆ ಬಿಸಿಲಿಗೆ ಅಂತ ಸನ್‌ಸ್ಕ್ರೀನು. ಸಂಜೆ ಬಂದು ಮತ್ತೆ ತೊಳೆದು ಇನ್ನೊಂದು ಕ್ರೀಮು. ಮೂವತ್ತು ದಾಟಿದ ಮೇಲೆ ಹಲ್ಲು ಉಜ್ಜುವ ಹಾಗೆ ಇದನ್ನೂ ದಿನಾ ಮಾಡಬೇಕು ಎಂದು ನನಗೆ ಹೇಳಿದಳು. ಒಲೆ ಮೇಲೆ ಹಾಲು ಉಕ್ಕುತ್ತಿದ್ದರೂ ಸೀರಮ್ ಆರಲಿ ಎಂದು ಕನ್ನಡಿ ಮುಂದೆ ನಿಂತಿರುತ್ತಿದ್ದಳು. ನಾನು ಸುಮ್ಮನಿರುವ ಪೈಕಿ ಅಲ್ಲ.

"ಸುಣ್ಣ ಬಳಿಯೋರು ಒಂದ್ ಕೋಟು ಒಣಗ್ಲಿ ಅಂತ ಕಾಯ್ತಾರಲ್ಲ, ಅಂಗ್ ನಿಂತಿದೀಯ ಕಣವ್ವ," ಅಂದೆ.

"ನಿಮ್ ಕಾಲದ ಗ್ವಾಡೆ ಗಟ್ಟಿ ಅತ್ತೆ. ನಮ್ದು ಈಗ್ಲೇ ಉದುರ್ತಾ ಐತೆ," ಎಂದು ಅವಳು ನಕ್ಕಳು.

ಬಂಗು ಮಾತ್ರ ಬೇಗ ಹೋಗಲಿಲ್ಲ. ಆ ವರ್ಷ ಅರಕಲಗೂಡಿನ ಹತ್ತಿರ ಅವಳ ತಮ್ಮ ಮಂಜ ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದ. ಫೋಟೋ ತೆಗೆಯುವಾಗೆಲ್ಲ ಸುಧಾ ಪಾತ್ರೆ ತೊಳೆಯುವ ಕಡೆ ಹೋಗಿಬಿಡುತ್ತಿದ್ದಳು. ಸ್ವಂತ ತಮ್ಮನ ಮನೆಯ ಒಂದು ಫೋಟೋದಲ್ಲೂ ಅವಳಿಲ್ಲ. ಅದನ್ನು ನೋಡಿದ ಮೇಲೆ ನಾನು ಸುಣ್ಣದ ಮಾತು ಆಡುವುದು ಬಿಟ್ಟೆ.

ಯುಗಾದಿ ಆದ ಮೇಲೆ ರಾಮನಾಥಪುರದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಅಲ್ಲಿ ಒಬ್ಬ ಹೆಂಗಸು ಬಳೆ, ಕ್ರೀಮು, ಪೌಡರು ಬ್ಯಾಗಿನಲ್ಲಿ ತುಂಬಿಕೊಂಡು ಮನೆ ಮನೆಗೆ ಬರುತ್ತಿದ್ದಳು. ಬಂಗಿಗೆ ಏನಾದರೂ ಇದೆಯಾ ಎಂದು ಕೇಳಿದೆ. ಬಿಳಿ ಡಬ್ಬಿ ತೆಗೆದು ಕೊಟ್ಟಳು. ಅದರ ಮೇಲಿದ್ದದ್ದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ತಂಗಿಯ ಪಕ್ಕದ ಮನೆ ಹುಡುಗಿಗೆ ಹದಿನೈದು ದಿನಕ್ಕೆ ಬಂಗು ಹೋಯಿತು ಎಂದರು. ಹಚ್ಚುವಾಗ ಚಿನ್ನದ ಉಂಗುರ ತೆಗೆದಿಡಬೇಕು, ತಗುಲಿದರೆ ಉಂಗುರ ಬೆಳ್ಳಗಾಗುತ್ತದೆ ಎಂದು ಆ ಹೆಂಗಸು ಹೇಳಿದಳು. ಒಳ್ಳೆ ಜೋರಾದ ಮಾಲು ಎಂದುಕೊಂಡು ತಂದೆ.

ಸುಧಾ ಅದನ್ನು ಸಂಜೆ ಹಚ್ಚುವ ಕ್ರೀಮಿನ ಜಾಗಕ್ಕೆ ಹಾಕಿಕೊಂಡಳು. ಮೊದಲು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿ ಅನುಮಾನ ಪಟ್ಟಳು. ಅಷ್ಟೊಂದು ಸೀಸೆ ನಂಬುತ್ತೀಯ, ನಾನು ತಂದದ್ದು ನಂಬಲ್ವಾ ಎಂದು ನಾನೇ ರೇಗಿದೆ. ಒಂದು ತಿಂಗಳಲ್ಲಿ ಬಂಗು ಒರೆಸಿದ ಹಾಗೆ ಹೋಯಿತು. ಮುಖ ಬೆಳ್ಳಗಾಯಿತು. ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ಡಬ್ಬಿ ಖಾಲಿಯಾದಾಗ ತಂಗಿಗೆ ಫೋನು ಮಾಡಿ ಇನ್ನೆರಡು ತರಿಸಿದೆ.

ಆಷಾಢದಲ್ಲಿ ಶುರುವಾಯಿತು. ಬೆಳಿಗ್ಗೆ ಎದ್ದಾಗ ಅವಳ ಕಣ್ಣಿನ ರೆಪ್ಪೆ ಊದಿರುತ್ತಿತ್ತು. ಮಧ್ಯಾಹ್ನಕ್ಕೆ ಇಳಿಯುತ್ತಿತ್ತು. ನಿದ್ದೆ ಹೆಚ್ಚಾಯಿತು ಎಂದುಕೊಂಡೆವು. ಆಮೇಲೆ ಕಾಲು ಊದಿತು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಕಾಲುಂಗುರ ಮಾಂಸದೊಳಗೆ ಹೂತುಹೋಗಿ, ಅಕ್ಕಸಾಲಿಗರ ಹತ್ತಿರ ಕತ್ತರಿಸಿ ತೆಗೆಸಬೇಕಾಯಿತು. ಮುತ್ತೈದೆಯ ಕಾಲುಂಗುರ ಕತ್ತರಿಸುವುದನ್ನು ನೋಡಲಾರದೆ ನಾನು ಅಂಗಡಿ ಹೊರಗೆ ನಿಂತೆ. ಉಚ್ಚೆ ಹೋದರೆ ಸೋಪಿನ ನೀರಿನ ಹಾಗೆ ನೊರೆ ಬರುತ್ತದೆ ಎಂದು ಅವಳು ನಾಚಿಕೊಂಡು ನನ್ನ ಕಿವಿಯಲ್ಲಿ ಹೇಳಿದಳು.

ಚನ್ನರಾಯಪಟ್ಟಣದ ಡಾಕ್ಟರು ಮಾತ್ರೆ ಕೊಟ್ಟರು. ಊತ ಇಳಿದ ಹಾಗೆ ಮಾಡಿ ಮತ್ತೆ ಏರಿತು. ಮೂತ್ರ ಪರೀಕ್ಷೆ ಮಾಡಿಸಿ, ತಡ ಮಾಡಬೇಡಿ, ಹಾಸನಕ್ಕೆ ಕರೆದುಕೊಂಡು ಹೋಗಿ ಎಂದು ಬರೆದುಕೊಟ್ಟರು. ಹಾಸನದ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ವಿಷಯ ತಿಳಿದು ಮಂಜನೂ ಓಡಿಬಂದ. ಕಿಡ್ನಿ ಸೋರುತ್ತಿದೆ, ರಕ್ತದಲ್ಲಿ ಇರಬೇಕಾದ ಸತ್ವವೆಲ್ಲ ಉಚ್ಚೆಯಲ್ಲಿ ಹೋಗುತ್ತಿದೆ, ಯಾಕೆ ಎಂದು ಹುಡುಕಬೇಕು ಎಂದು ಅಲ್ಲಿನ ಲೇಡಿ ಡಾಕ್ಟರು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಜ್ಜಿ, ಮನೇಲಿ ನೀವೇನಾದ್ರೂ ಔಷಧಿ ಕೊಟ್ಟಿದ್ರಾ?"

ಅವರು ಕೇಳಿದ್ದು ನಾಟಿ ಔಷಧಿ, ಸೊಪ್ಪು ಸದೆ ಏನಾದರೂ ಕೊಟ್ಟಿದ್ದೀರಾ ಎಂದು. ನನ್ನ ಕಿವಿಗೆ ಬಿದ್ದದ್ದೇ ಬೇರೆ. ನಮ್ಮ ಕಡೆ ಗುಳಿಗೆಗೆ ಮಾತ್ರೆ ಅನ್ನುತ್ತೇವೆ. ಔಷಧಿ ಎಂದರೆ ಆಲೂಗಡ್ಡೆಗೆ ಹೊಡೆಯುವ ಹುಳದ ಔಷಧಿ. ಒಬ್ಬರು ಔಷಧಿ ತಗೊಂಡರು ಎಂದರೆ ಅವರ ಮನೆ ಮುಂದೆ ಪೊಲೀಸು ಜೀಪು ಬಂತು ಎಂದೇ ಅರ್ಥ. ಸೊಸೆಗೆ ಅತ್ತೆ ಔಷಧಿ ಕೊಟ್ಟಳಾ ಎಂದು ಕೇಳಿದರೆ ಇನ್ನೇನು ಉಳಿಯಿತು? ನಮ್ಮ ಪಕ್ಕದ ಬೀದಿಯಲ್ಲಿ ಹಾಗೇ ಒಬ್ಬ ಮುದುಕಿಯನ್ನು ಜೀಪಿಗೆ ಹತ್ತಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳದೇನೂ ತಪ್ಪಿಲ್ಲ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಅವಳ ಮನೆಗೆ ನೀರು ಕೇಳಿಕೊಂಡು ಹೋಗುವವರೂ ಇರಲಿಲ್ಲ.

"ನಾನ್ಯಾಕ್ ಔಷ್ದಿ ಕೊಡ್ಲಿ ತಾಯಿ," ಅಂದೆ. "ನನ್ ಕೈಯಿಂದ ಏನೂ ಕೊಟ್ಟಿಲ್ಲ. ಏನಂದ್ರೆ ಏನೂ ಇಲ್ಲ."

ಡಾಕ್ಟರು ಅದನ್ನೇ ಬರೆದುಕೊಂಡರು. ಮಂಜ ನನ್ನನ್ನೇ ನೋಡುತ್ತಿದ್ದ. ಕೇಳಿದ್ದಕ್ಕಿಂತ ಜೋರಾಗಿ ಹೇಳಿಬಿಟ್ಟಿದ್ದೆ.

ಮೆಟ್ಟಿಲು ಇಳಿಯುವಾಗ ಆ ಮಾತು ತಲೆಯಲ್ಲಿ ತಿರುಗಿತು. ನನ್ನ ಕೈಯಿಂದ ಏನೂ ಕೊಟ್ಟಿಲ್ಲವೇ? ಡಬ್ಬಿ ಕೊಟ್ಟೆನಲ್ಲ. ಅದರ ಹಿಂದೆಯೇ ಉಂಗುರದ ಮಾತು ನೆನಪಾಯಿತು. ಚಿನ್ನವನ್ನೇ ಕೆಡಿಸುವುದು ಮೈಗೆ ಇಳಿದರೆ ಏನು ಮಾಡೀತು? ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಆಗಲೇ ಎದ್ದು ವಾಪಸ್ಸು ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಈಗಷ್ಟೇ ಏನೂ ಇಲ್ಲ ಎಂದವಳು ಈಗ ಇದೆ ಎಂದರೆ, ಮೊದಲು ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತಾರೆ. ಮಂಜ ಕೇಳುತ್ತಾನೆ. ಪೊಲೀಸು ಕೇಳುತ್ತಾನೆ.

ಮಾರನೆ ದಿನ ಬಟ್ಟೆ ತರುತ್ತೇನೆ ಎಂದು ಊರಿಗೆ ಹೋದೆ. ಕನ್ನಡಿ ಹತ್ತಿರ ಡಬ್ಬಿ ಇತ್ತು, ಅರ್ಧ ಉಳಿದಿತ್ತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ತಿಪ್ಪೆಯಲ್ಲಿ ಹೂತು ಮೇಲೆ ಸಗಣಿ ಎಳೆದೆ. ಆಸ್ಪತ್ರೆಗೆ ಬಂದರೆ ಸುಧಾ ಮೊದಲು ಕೇಳಿದ್ದೇ ಅದನ್ನು. ಇಲ್ಲಿರುವಷ್ಟು ದಿನ ಹಚ್ಚದಿದ್ದರೆ ಬಂಗು ವಾಪಸ್ಸು ಬರುತ್ತದೆ, ನನ್ನ ಕ್ರೀಮು ತಂದಿರಾ ಅತ್ತೆ ಎಂದಳು.

"ಸಿಗ್ಲಿಲ್ಲ ಕಣವ್ವ," ಅಂದೆ.

ಊದಿದ ರೆಪ್ಪೆ ಎತ್ತಿ ನನ್ನ ಮುಖವನ್ನು ನೋಡಿದಳು. ಕನ್ನಡಿ ಮುಂದೆಯೇ ಇಟ್ಟದ್ದು ಯಾಕೆ ಸಿಗಲಿಲ್ಲ ಎಂದು ಕೇಳಲಿಲ್ಲ. ಗೋಡೆ ಕಡೆ ಹೊರಳಿದಳು.

ಅಲ್ಲಿಂದ ದಿನ ದಿನಕ್ಕೂ ಕೆಟ್ಟಿತು. ಹೊಟ್ಟೆಯಲ್ಲಿ ನೀರು ತುಂಬಿತು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ, ದಿಂಬು ಪೇರಿಸಿ ಕೂರಿಸುತ್ತಿದ್ದೆವು. ನಾನು ಅವಳ ಕಾಲು ಒತ್ತುತ್ತಾ ಕೂರುತ್ತಿದ್ದೆ. ಬೆರಳು ಇಟ್ಟಲ್ಲೆಲ್ಲ ಗುಳಿ. ಬಾಗಿಲಲ್ಲಿ ಬೂಟಿನ ಸದ್ದು ಕೇಳಿದರೆ ಪೊಲೀಸು ಬಂದ ಎಂದು ಬೆವರುತ್ತಿದ್ದೆ. ಬಂದವನು ಸೆಕ್ಯೂರಿಟಿಯವನಾಗಿರುತ್ತಿದ್ದ. ಒಂದು ಕಡೆ ಅವಳು ಸಾಯುತ್ತಾಳೆ ಎಂಬ ಭಯ, ಇನ್ನೊಂದು ಕಡೆ ನನ್ನನ್ನು ಹಿಡಿಯುತ್ತಾರೆ ಎಂಬ ಭಯ. ಯಾವುದು ದೊಡ್ಡದಿತ್ತು ಎಂದು ಕೇಳಿದರೆ ನಿಜ ಹೇಳುತ್ತೇನೆ, ಎರಡನೆಯದೇ.

ಒಂಬತ್ತನೇ ದಿನ ಬೆಳಿಗ್ಗೆ ಡಾಕ್ಟರು ಮಗನನ್ನೂ ಮಂಜನನ್ನೂ ನಿಲ್ಲಿಸಿಕೊಂಡು ಮಾತಾಡಿದರು. ಕಾರಣ ಸಿಗುತ್ತಿಲ್ಲ, ನಾಳೆ ಕಿಡ್ನಿಗೆ ಸೂಜಿ ಹಾಕಿ ಚೂರು ತೆಗೆದು ನೋಡಬೇಕು, ಆಮೇಲೆ ಬಹಳ ಜೋರಾದ ಮಾತ್ರೆ ಶುರು ಮಾಡಬೇಕಾಗಬಹುದು, ಹೀಗೇ ಬಿಟ್ಟರೆ ಕಿಡ್ನಿ ಉಳಿಯುವುದಿಲ್ಲ ಎಂದರು. ಹೊರಟವರು ನಿಂತು ಸುಧಾಳ ಮುಖ ನೋಡಿದರು. ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ ಇತ್ತು.

"ಮುಖಕ್ಕೆ ಏನ್ ಹಚ್ತೀರಮ್ಮ?"

ಸುಧಾ ನನ್ನ ಕಡೆ ನೋಡಿದಳು. ಆಮೇಲೆ ತಮ್ಮನ ಕಡೆ ನೋಡಿದಳು.

"ಅರಿಶಿನ ಮೇಡಂ, ಅಷ್ಟೇ," ಅಂದಳು.

ಡಬ್ಬಿ ನಾನೇ ಬಚ್ಚಿಟ್ಟೆ ಎಂದು ಅವಳಿಗೆ ಗೊತ್ತಾಗಿತ್ತು, ತಮ್ಮನ ಮುಂದೆ ನನ್ನನ್ನು ಉಳಿಸಲು ಸುಳ್ಳು ಹೇಳಿದಳು. ಉಸಿರಾಡಲು ಆಗದವಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವಳ ಮೇಲೆಯೋ ನನ್ನ ಮೇಲೆಯೋ ಗೊತ್ತಿಲ್ಲ. ಯಾರಿಗೂ ಹೇಳದೆ ಹೊರಗೆ ಬಂದು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಊರು ಸೇರಿದವಳೇ ತಿಪ್ಪೆ ಬಗೆದೆ. ಗುದ್ದಲಿ ತಗುಲಿ ಡಬ್ಬಿ ಒಡೆದೀತು ಎಂದು ಕೈಯಲ್ಲೇ ಬಗೆದೆ. ಏಳೆಂಟು ದಿನದಲ್ಲಿ ಅದರ ಮೇಲೆ ಎಷ್ಟು ಬಿದ್ದಿತ್ತೋ, ಸಿಗಲೇ ಇಲ್ಲ. ಇನ್ನು ಸಿಗುವುದಿಲ್ಲ, ಬರೀ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ ಎಂದು ಹೆದರಿ ಮೊಣಕೈವರೆಗೂ ತೂರಿಸಿದೆ. ಕೊನೆಗೆ ಕೈಗೆ ಬಂತು. ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು, ಕೈ ತೊಳೆದು, ಅದೇ ಸೀರೆಯಲ್ಲಿ ವಾಪಸ್ಸು ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತವಳು ಮೂಗು ಮುಚ್ಚಿಕೊಂಡು ಎದ್ದುಹೋದಳು.

ಡಾಕ್ಟರು ಸುಧಾಳ ಮಂಚದ ಹತ್ತಿರವೇ ಸಿಕ್ಕರು. ಮಂಜನೂ ಅಲ್ಲೇ ಇದ್ದ. ಕವರು ಅವರ ಮುಂದೆ ಹಿಡಿದೆ.

"ನಾನು ಔಷ್ದಿ ಕೊಟ್ಟಿಲ್ಲ ತಾಯಿ. ಇದ್ನ ಕೊಟ್ಟೆ. ನಾನೇ ತಂದು, ಅವ್ಳಿಗೆ ಬ್ಯಾಡ ಅನ್ನಿಸಿದ್ರೂ ನಾನೇ ಹಚ್ಚಿಸ್ದೆ. ಜೈಲಿಗೆ ಹಾಕಿದ್ರೆ ಹಾಕ್ಲಿ."

ಡಾಕ್ಟರು ಮೂಗು ಮುಚ್ಚಿಕೊಳ್ಳಲಿಲ್ಲ. ಕೈಗೆ ಗ್ಲೌಸು ಹಾಕಿಕೊಂಡು ಡಬ್ಬಿ ತೆಗೆದು ನೋಡಿದರು. ಎಷ್ಟು ತಿಂಗಳಿಂದ, ದಿನಕ್ಕೆ ಎಷ್ಟು ಸಲ, ಮಕ್ಕಳು ಮುಟ್ಟಿದ್ದಾರಾ ಎಂದು ಒಂದೊಂದೇ ಕೇಳಿದರು. ಉಂಗುರದ ಮಾತು ಹೇಳಿದಾಗ ತಲೆ ಎತ್ತಿದರು. ಇಂಥ ಬೆಳ್ಳಗೆ ಮಾಡುವ ಕ್ರೀಮುಗಳಲ್ಲಿ ಪಾದರಸ ಇರುತ್ತದೆ, ಅದು ಚರ್ಮದಿಂದ ಇಳಿದು ಕಿಡ್ನಿ ಕೆಡಿಸುತ್ತದೆ ಎಂದರು. ಪೊಲೀಸಿನ ಮಾತು ಎತ್ತಲೇ ಇಲ್ಲ.

ಮಂಜ ಎತ್ತಿದ್ದು ಒಂದೇ ಮಾತು. "ಒಂಬತ್ತು ದಿನ ಆಯ್ತಲ್ಲ ಅತ್ತೆ. ಅಕ್ಕ ಓಗ್ಬುಟ್ಟಿದ್ರೆ?" ಅಂದ.

ಸೂಜಿ ತಪ್ಪಲಿಲ್ಲ, ಹಾಕಿದರು. ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ಅದರಲ್ಲಿ ಪಾದರಸ ಇದೆ ಎಂದು ಬಂತು. ಕಾರಣ ಗೊತ್ತಾದದ್ದರಿಂದ ಆ ಜೋರಾದ ಮಾತ್ರೆ ಬೇಡ ಎಂದು ತೀರ್ಮಾನ ಮಾಡಿದರು. ಕ್ರೀಮು ನಿಂತಿತ್ತು, ಊತಕ್ಕೆ ಮಾತ್ರ ಮಾತ್ರೆ ಕೊಟ್ಟು ಕಾದರು. ಮಗ ಅವಳ ಸೀಸೆಗಳನ್ನೆಲ್ಲ ತಂದು ತೋರಿಸಿದ. ಡಾಕ್ಟರು ಒಂದೊಂದೇ ಓದಿ, ಇದರಲ್ಲಿ ಯಾವುದರದ್ದೂ ತಪ್ಪಿಲ್ಲ ಎಂದರು. ನಾನು ನಗಾಡಿದ ಅಷ್ಟೂ ಸೀಸೆ ಪಾಸಾದವು. ನಾನು ತಂದದ್ದೊಂದೇ ಫೇಲಾಯಿತು.

ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ ಮನೆಗೆ ಕರೆದುಕೊಂಡು ಬಂದೆವು. ಊತ ಪೂರ್ತಿ ಇಳಿಯಲು ಸಂಕ್ರಾಂತಿ ಆಯಿತು. ಅಲ್ಲಿವರೆಗೆ ದಿನಾ ಬೆಳಿಗ್ಗೆ ಅವಳು ಬಚ್ಚಲಿನಿಂದ ಬರುವುದನ್ನೇ ಕಾಯುತ್ತಿದ್ದೆ, ನೊರೆ ಬಂತಾ ಎಂದು ಕಣ್ಣಲ್ಲೇ ಕೇಳುತ್ತಿದ್ದೆ. ರಾಮನಾಥಪುರಕ್ಕೆ ಹೋಗಿ, ಆ ಡಬ್ಬಿ ಕೊಂಡವರ ಮನೆ ಮನೆಗೂ ಹೇಳಿ ಬಂದೆ. ಪಕ್ಕದ ಮನೆ ಹುಡುಗಿ ಮೊದಲು ನಂಬಲಿಲ್ಲ. ಅವಳ ಕಾಲನ್ನು ನಾನೇ ಒತ್ತಿ ನೋಡಿದೆ, ಪುಣ್ಯಕ್ಕೆ ಗುಳಿ ಬೀಳಲಿಲ್ಲ. ಆ ಮಾರುವ ಹೆಂಗಸು ಮತ್ತೆ ಆ ಕಡೆ ಬಂದಿಲ್ಲವಂತೆ.

ಸುಧಾಳ ಬಂಗು ವಾಪಸ್ಸು ಬಂತು. ಚರ್ಮದ ಡಾಕ್ಟರು ಬರೆದುಕೊಟ್ಟ ಹಾಗೆ ಬೆಳಿಗ್ಗೆ ಮುಖ ತೊಳೆದು, ಕ್ರೀಮು, ಸನ್‌ಸ್ಕ್ರೀನು ಹಚ್ಚಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ನಿಧಾನಕ್ಕೆ ತಿಳಿಯಾಗುತ್ತಿದೆ. ನನ್ನ ಜೊತೆ ಮಾತು ಬಿಟ್ಟಿಲ್ಲ, ಊಟಕ್ಕೆ ಮೊದಲು ನನಗೇ ಇಡುತ್ತಾಳೆ. ಮೊನ್ನೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಯಾರೂ ಕೇಳದೆ ತಾನೇ ಹೇಳಿದಳು.

"ಅತ್ತೆ, ಡಬ್ಬಿ ತಂದಿದ್ದಕ್ಕೆ ನಂಗೆ ಬೇಜಾರಿಲ್ಲ. ನನ್ ಒಳ್ಳೇದಕ್ಕೇ ತಂದ್ರಿ. ಸಿಗ್ಲಿಲ್ಲ ಅಂದ್ರಲ್ಲ, ಅದಕ್ಕೈತೆ."

ಅವಳು ಹೇಳಿದ್ದು ಸರಿ. ಗೊತ್ತಿಲ್ಲದೆ ಮಾಡಿದ್ದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಅದಕ್ಕೆ ನನಗೆ ಹೆದರಿಕೆ ಇಲ್ಲ. ಆದರೆ ಗೊತ್ತಾದ ಮೇಲೆಯೂ, ಕಣ್ಣ ಮುಂದೆ ಒಂದು ಜೀವ ಊದುತ್ತಿದ್ದರೂ, ಒಂಬತ್ತು ದಿನ ನಾನು ಬಾಯಿ ಮುಚ್ಚಿಕೊಂಡು ಕೂರಬಲ್ಲೆ ಎಂದು ತಿಳಿದುಹೋಗಿದೆ. ಈಗ ನನಗೆ ಭಯ ಇರುವುದು ಅದೊಂದರದ್ದೇ.