ನೀರು ಎಲ್ಲಿಯ ತನಕ ಬಂದಿತ್ತು

ಅಟ್ಟದಿಂದ ಹಳೆಯ ಬೆನ್ನುಚೀಲ ಇಳಿಸಿ ಜಿಪ್ ಎಳೆದೊಡನೆ ಒಂದು ವಾಸನೆ ಬಂತು. ಉಪ್ಪು, ಕೆಸರು, ಒಣಮೀನು ಎಲ್ಲ ಕಲೆಸಿದಂಥದ್ದು. ಇದು ಸಮುದ್ರದ್ದೇ ಎಂದು ಮನಸ್ಸು ತಕ್ಷಣ ತೀರ್ಪು ಕೊಟ್ಟಿತು. ನನ್ನ ಮನಸ್ಸಿನ ತೀರ್ಪುಗಳನ್ನು ನಾನು ಅಷ್ಟು ಸುಲಭವಾಗಿ ಒಪ್ಪುವವನಲ್ಲ. ಅಟ್ಟದ ಮೇಲೆ ಇಲಿಗಳಿವೆ, ಒಡೆದ ಉಪ್ಪಿನಕಾಯಿ ಭರಣಿಯೂ ಇದೆ. ಚೀಲ ಕೊಡವಿದಾಗ ಹಿಡಿಯಷ್ಟು ಮರಳು ಬಿತ್ತು. ಜೈಸಲ್ಮೇರಿನದೋ, ಎದುರುಗಡೆ ಮನೆ ಕಟ್ಟುವವರು ತಂದು ಸುರಿದದ್ದೋ? ವಿಜಯಪುರದ ಧೂಳಿನಲ್ಲಿ ಇಷ್ಟು ವರ್ಷ ಬಾಳಿದವರು ಯಾವ ಮರಳಿನ ಬಗ್ಗೆಯೂ ಆಣೆ ಮಾಡಿ ಹೇಳಲಾರರು.

"ಕಾಕಾ, ಚೀಲ ಹರದಿಲ್ಲ ಹೌದಿಲ್ರಿ?" ಎಂದಳು ಅದನ್ನು ಕೇಳಿಕೊಂಡು ಬಂದಿದ್ದ ರೂಪಾ. ನನ್ನ ಗೆಳೆಯ ಬಸುವಿನ ಮಗಳು. ಸಾರವಾಡದಿಂದ ದಿನಾ ಬಸ್ಸಿನಲ್ಲಿ ಬಂದು ಇಲ್ಲಿ ಬಿಎಸ್ಸಿ ಓದುತ್ತಾಳೆ. ಗೆಳತಿಯರೊಂದಿಗೆ ಚೀಲ ಬೆನ್ನಿಗೇರಿಸಿಕೊಂಡು ರಾಜಸ್ಥಾನದ ಮರಳುಗುಡ್ಡಗಳಿಗೂ, ಅಲ್ಲಿಂದ ಕಚ್ಛ್ ಕೊಲ್ಲಿಯ ಒಂದು ದ್ವೀಪಕ್ಕೂ ಹೋಗಬೇಕೆಂದು ಹೊರಟಿದ್ದಳು. ಇಪ್ಪತ್ತು ವರ್ಷಕ್ಕೂ ಹಿಂದೆ ಅವಳ ಅಪ್ಪ, ಗೌತಮ ಮತ್ತು ನಾನು ಹೋಗಿದ್ದ ದಾರಿಯೇ ಅದು. ಅಪ್ಪನ ಬಾಯಲ್ಲಿ ಆ ಕಥೆ ಕೇಳಿ ಕೇಳಿಯೇ ಅವಳಿಗೆ ಹುಚ್ಚು ಹಿಡಿದಿತ್ತು.

"ಅವ್ವ ಬ್ಯಾಡ ಅಂತಾಳ್ರಿ. ಆಮ್ಯಾಲ ಒಂದ ಮಾತ ಹೇಳ್ಯಾಳ. ನಿಮ್ಮಪ್ಪನ ಮಾತ ನಂಬೂದಿಲ್ಲ, ನಿಮ್ಮ ಕಾಕಾ ಹೂಂ ಅಂದ್ರ ಹೋಗು ಅಂತ. ನೀವು ಹೂಂ ಅನ್ರಿ, ಅಷ್ಟ."

ನನ್ನ ಕೈಯಲ್ಲಿದ್ದ ಚೀಲ ಭಾರವಾಯಿತು. ಆ ದ್ವೀಪದಲ್ಲಿ ನಾವು ನೀರಿನಲ್ಲಿ ಸಿಕ್ಕಿಕೊಂಡಿದ್ದೆವು. ಅಷ್ಟು ನಿಜ. ಎಷ್ಟು ಸಿಕ್ಕಿಕೊಂಡಿದ್ದೆವು, ಪಾದ ತೊಯ್ದಿತ್ತೋ ಪ್ರಾಣ ಹೋಗುವುದಿತ್ತೋ, ಅದು ನನಗೆ ಗೊತ್ತಿಲ್ಲ. "ಐತವಾರ ನಿಮ್ಮ ಮನಿಗೇ ಬಂದು ಹೇಳ್ತೀನಿ" ಎಂದು ಚೀಲ ಕೊಟ್ಟು ಕಳಿಸಿದೆ. ಅವಳು ಅದನ್ನೇ ಹೂಂ ಎಂದುಕೊಂಡು ಕುಣಿಯುತ್ತ ಹೋದಳು.

ಗೊತ್ತಿಲ್ಲ ಎಂದರೆ ನೀವು ನಗಬಹುದು. ಧಾರವಾಡದಲ್ಲಿ ತತ್ವಶಾಸ್ತ್ರ ಓದಿದ ಮೇಲೆ ನನಗೆ ಅಂಟಿದ ರೋಗ ಇದು. ಎದುರಿಗಿರುವ ಕುರ್ಚಿಯನ್ನೂ ಸಂಶಯಿಸಬೇಕೆಂದು ಕಲಿಸಿದ ಮೇಷ್ಟ್ರು ಅದೇ ಕುರ್ಚಿಯ ಮೇಲೆ ಆರಾಮವಾಗಿ ಕೂತಿರುತ್ತಿದ್ದರು. ಆ ಆರಾಮ ಮಾತ್ರ ನನಗೆ ಬರಲಿಲ್ಲ. ಹೊರಗೆ ಹೊರಟರೆ ಬೀಗ ಹಾಕಿದ್ದನ್ನು ನೋಡಲು ಓಣಿಯ ತಿರುವಿನಿಂದ ವಾಪಸು ಬರುತ್ತೇನೆ. ಅಂಥವನ ಒಂದು ಹೂಂ ಮೇಲೆ ಒಂದು ಹುಡುಗಿಯ ಜೀವ ನಿಂತಿದೆ ಎಂದರೆ ನಿದ್ದೆ ಎಲ್ಲಿಂದ ಬಂದೀತು?

ಮರುಭೂಮಿಯ ನೆನಪುಗಳು ಅಷ್ಟು ಕಾಡುವುದಿಲ್ಲ. ಅಲ್ಲಿ ನಮಗೆ ಮೊದಲಿನಿಂದಲೂ ಹೆದರಿಕೆ ಇತ್ತು. ನಾವು ಎರೆಭೂಮಿಯವರು. ನಿಂತಲ್ಲಿಂದ ಮೂರು ಊರಿನ ಗಿಡಗಳು ಕಾಣಬೇಕು ನಮಗೆ. ಮರಳಿನಲ್ಲಿ ಒಂದು ದಿಬ್ಬ ಹತ್ತಿದರೆ ಇನ್ನೊಂದು, ಇಳಿದರೆ ಆಕಾಶವೊಂದೇ. ಗಾಳಿ ಬೀಸಿದರೆ ಹೆಜ್ಜೆ ಗುರುತು ಮಾಯ. ಬಸು ತನ್ನ ಕೆಂಪು ಟವೆಲನ್ನು ಕೋಲಿಗೆ ಕಟ್ಟಿ ಇಳಿದುಕೊಂಡಿದ್ದ ಜಾಗದಲ್ಲಿ ನೆಡುತ್ತಿದ್ದ. ಅದು ಕಾಣದಷ್ಟು ದೂರ ಯಾರೂ ಹೋಗಬಾರದು. ಗೌತಮ ಬೆಳಗಿನ ಕೆಲಸಕ್ಕೆ ಹೋಗುವಾಗಲೂ ಆ ಟವೆಲ್ ಕಾಣುವ ಕಡೆಯೇ ಕೂರುತ್ತಿದ್ದ. "ಲೇ, ಮುಖ ಆ ಕಡೆರೆ ತಿರುವೋ" ಎಂದು ಬಸು ಕೂಗಿದರೆ, "ಮರ್ಯಾದಿ ಊರಿಗಿ ಹೋದಮ್ಯಾಲ ನೋಡೂಣು" ಎಂದು ಅಲ್ಲಿಂದಲೇ ಉತ್ತರ ಬರುತ್ತಿತ್ತು. ಮನೆಯಿಂದ ಕಟ್ಟಿಸಿಕೊಂಡು ಹೋದ ಕಟಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟಿಗೆ ಒಂಟೆಯೊಂದು ಮೂತಿ ಹಾಕಿ ಅರ್ಧ ರೊಟ್ಟಿ ಕಟಕಟ ಅಗಿದದ್ದು ನೆನಪಿದೆ. ಇದನ್ನೂ ಬಸು ಹೇಳಿದ್ದನ್ನು ಕೇಳಿಯೇ ಕಂಡೆನೋ ಏನೋ.

ಮರಳಿನಲ್ಲಿ ಕಳೆದುಹೋಗಲಿಲ್ಲ ಎಂಬ ಧಿಮಾಕಿನಲ್ಲೇ ದ್ವೀಪಕ್ಕೆ ಹೋದೆವು. ದೋಣಿಯವನು ಉಬ್ಬರದಲ್ಲಿ ಕರೆತಂದು ಬಿಟ್ಟ. ಇಳಿತದಲ್ಲಿ ಸಮುದ್ರ ಹಿಂದೆ ಸರಿದು ತಳವೇ ಬಯಲಾಗುತ್ತದೆ, ನಡೆದುಕೊಂಡೇ ಜೀವಿಗಳನ್ನು ನೋಡಬಹುದು, ಆದರೆ ನೀರಿನ ಮೇಲೆ ಕಣ್ಣಿರಲಿ ಎಂದು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದ. ನಮಗೆ ಸ್ಪಷ್ಟವಾಗಿಯೇ ಅರ್ಥವಾಯಿತು. ಬಸು ಬಗ್ಗಿ ನೀರನ್ನು ನಾಲಿಗೆಗೆ ಹಚ್ಚಿಕೊಂಡು, "ನಮ್ಮ ಡೋಣಿ ಹೊಳಿ ನೀರಿಗಿಂತ ಸ್ವಲ್ಪ ಉಪ್ಪ ಹೆಚ್ಚೈತಿ, ಅಷ್ಟ" ಎಂದು ಸಮುದ್ರಕ್ಕೆ ಅಂಕ ಕೊಟ್ಟ.

ಎಂಥ ಲೋಕ ಅದು! ಸಣ್ಣ ಹೊಂಡಗಳಲ್ಲಿ ಹವಳ, ಕಲ್ಲಿನಡಿ ಮೈಬಣ್ಣ ಬದಲಿಸುವ ಎಂಟು ತೋಳಿನ ಅಷ್ಟಪದಿ, ಕಿತ್ತಳೆ ಬಣ್ಣದ ನಕ್ಷತ್ರಮೀನು, ಹೆಜ್ಜೆ ಸಪ್ಪಳಕ್ಕೆ ಬಿಲ ಸೇರುವ ಏಡಿಗಳು. ಹಿಂದೆ ದೂರದಲ್ಲಿ ಉಪ್ಪುನೀರಿನ ಪೊದೆಗಾಡು. ಹೊಲಕ್ಕಿಳಿಯುವವರು ಬುತ್ತಿಯನ್ನು ಬದುವಿನ ಮೇಲೆ ಇಟ್ಟು ಇಳಿಯುವಂತೆ ನಾವು ಚೀಲಗಳನ್ನೂ ಉಳಿದ ರೊಟ್ಟಿಯ ಗಂಟನ್ನೂ ಒಂದು ದಿಣ್ಣೆಯ ಮೇಲಿಟ್ಟು ಮುಂದೆ ಮುಂದೆ ಹೋದೆವು. ಕಣ್ಣು ಮಾತ್ರ ನೀರಿನ ಮೇಲೆಯೇ ಇತ್ತು. ನಮ್ಮ ತಪ್ಪು ಏನೆಂದರೆ, ನೀರು ಹೇಗೆ ಬರುತ್ತದೆಂದು ನಮಗೆ ಗೊತ್ತಿದೆ ಎಂದುಕೊಂಡಿದ್ದೆವು. ಮೂವರೂ ಹೊಲಕ್ಕೆ ನೀರು ಹಾಯಿಸಿದವರೇ. ಪಂಪ್ ಚಾಲೂ ಮಾಡಿದರೆ ಒಣಗಾಲುವೆಯಲ್ಲಿ ನೀರು ಒಂದೇ ಕಡೆಯಿಂದ ಬರುತ್ತದೆ. ಅದರ ಮುಂದೆ ಮುಂದೆ ಕಸಕಡ್ಡಿ, ನೊರೆ, ದಿಕ್ಕೆಟ್ಟ ಇರುವೆಗಳು. ಅದನ್ನು ನೋಡಿಕೊಂಡೇ ಮುಂದಿನ ಮಡಿಗೆ ದಾರಿ ಬಿಡುವುದು. ಬಸು ಸಮುದ್ರದ ಕಡೆ ಕೈ ತೋರಿಸಿ, "ನೊರಿ ಕಂಡಕೂಡ್ಲೆ ಹೊಳ್ಳೂಣು. ಅಲ್ಲೀತನ ಆರಾಮ ನೋಡ್ರೋ" ಎಂದ. ನಾವು ನೊರೆಗಾಗಿ ಕಾದೆವು. ಅದು ಬರಲಿಲ್ಲ.

ಆಮೇಲೆ ನನಗೆ ನೆನಪಿರುವುದು ಬಿಳಿ ಬಟ್ಟೆಯ ರೊಟ್ಟಿ ಗಂಟು ತನ್ನ ಪಾಡಿಗೆ ತಾನು ಹೋಗುತ್ತಿದ್ದದ್ದು. ನಮ್ಮ ಹಿಂದೆ, ಪೊದೆಗಾಡಿನ ಕಡೆ, ನಾವು ನಡೆದು ಬಂದ ನೆಲವೆಲ್ಲ ಮಿನುಗುತ್ತಿತ್ತು. ಕೈ ಕೈ ಹಿಡಿದುಕೊಂಡು ಬಂದೆವು. ದೋಣಿಯವನು ದೊಡ್ಡ ದನಿಯಲ್ಲಿ ಬೈಯುತ್ತಿದ್ದ. ಗೌತಮನಿಗೆ ಈಜು ಬರುವುದಿಲ್ಲ. ಅವನ ಬೆರಳುಗಳು ನನ್ನ ಮಣಿಕಟ್ಟಿನಲ್ಲಿ ನಾಟಿದ್ದವು. ನೀರು ಸೊಂಟದ ಹತ್ತಿರ ಇತ್ತು ಎನಿಸುತ್ತದೆ. ನಾನು ಪ್ರತಿ ಸಲ ಕಥೆ ಹೇಳಿದಾಗಲೂ ಅದು ಸ್ವಲ್ಪ ಏರಿದ್ದರೆ, ಇಪ್ಪತ್ತು ವರ್ಷದ ಹಿಂದೆ ಎಲ್ಲಿತ್ತು?

ಐತವಾರ ಸಾರವಾಡಕ್ಕೆ ಹೋದೆ. ಗೌತಮನನ್ನೂ ಕರೆದಿದ್ದೆ. ಅವನ ಊರು ಕಳ್ಳಕವಟಗಿ, ನೌಕರಿ ತಿಕೋಟಾದ ಒಂದು ಕಚೇರಿಯಲ್ಲಿ. ಬಬಲೇಶ್ವರದ ಮೇಲೆ ಬೈಕಿನಲ್ಲಿ ಬಂದ. ಪಡಸಾಲೆಯಲ್ಲಿ ಬಸು, ಅವನ ಹೆಂಡತಿ, ಅಂದರೆ ನಾನು ವೈನಿ ಎನ್ನುವವರು, ಮತ್ತು ರೂಪಾ ಕೂತಿದ್ದರು. ನಾನು ಪೀಠಿಕೆ ಇಲ್ಲದೆ ಕೇಳಿದೆ, "ನೀರು ಎಲ್ಲೀತನ ಬಂದಿತ್ತು?"

"ಮೊಣಕಾಲ. ಪ್ಯಾಂಟ್ ಮಡಚಿದ್ನೆಲ್ಲ?" ಎಂದ ಬಸು.

"ಯಪ್ಪಾ! ಎದಿಮಟ ಬಂದಿತ್ತಲೇ. ನನ್ನ ಅಂಗಿ ಕಿಸೆದಾಗಿನ ರೊಕ್ಕ ತೊಯ್ದಿತ್ತು" ಎಂದ ಗೌತಮ.

"ನೀ ಇರೂದ ಗೇಣುದ್ದ. ನಿನ್ನ ಎದಿ ಅಂದ್ರ ನನ್ನ ಮೊಣಕಾಲ ಆತು."

"ನೀ ಬೆವತು ತೊಯ್ದಿದ್ದಿ ಮಗನ, ಅವ್ವಾ ಅಂತ ಒದರಿದಾಂವ ಯಾರು?"

"ಅದು ಇವಾ" ಎಂದು ಬಸು ನನ್ನನ್ನು ತೋರಿಸಿದ. ಒದರಿದವನು ನಾನೇ ಇರಬಹುದು. ಇಲ್ಲವೆನ್ನಲು ನನ್ನಲ್ಲಿ ಏನೂ ಸಾಕ್ಷಿ ಇರಲಿಲ್ಲ.

ವೈನಿ ನಗಲಿಲ್ಲ. "ಇಷ್ಟ ವರ್ಸ ನಕ್ಷತ್ರಮೀನಿನ ಕಥಿ ಅಷ್ಟ ಹೇಳೀರಿ. ಅವ್ವಾ ಅಂತ ಒದರಿದ್ದ ಇವತ್ತ ಗೊತ್ತಾಗಾಕತ್ತೈತಿ" ಎಂದರು ಗಂಡನಿಗೆ.

ರೂಪಾ ಕೇಳಿದಳು, "ಎಲ್ಲೀತನ ಬಂತು ಅನ್ನೂದು ಇರ್ಲಿ. ನೀರು ಬರೂದ್ನ ಮೊದಲ ಯಾರು ನೋಡಿದ್ರಿ?"

ಬಸು ಗೌತಮನ ಮುಖ ನೋಡಿದ. ಗೌತಮ ನನ್ನ ಮುಖ. ಗಂಟು ತೇಲಿದ್ದನ್ನು ನಾನು ನೋಡಿದ್ದೆ, ಮಿನುಗುವ ನೆಲ ನೋಡಿದ್ದೆ. ಅವು ನೀರು ಬಂದಾದ ಮೇಲಿನ ಮಾತು.

"ನಾ ಅಂತೂ ನೋಡ್ಲಿಲ್ಲ" ಎಂದ ಗೌತಮ ಮೆಲ್ಲಗೆ.

"ಒಬ್ರೂ ನೋಡಲಿಲ್ಲ, ರೂಪಾ" ಎಂದೆ. ಈ ಪ್ರವಾಸದ ಬಗ್ಗೆ ನಾನು ಸಂಶಯವಿಲ್ಲದೆ ಹೇಳಿದ ಮೊದಲ ಮಾತು ಬಹುಶಃ ಅದೇ. ಬಸುವಿನ ನಗು ಇಳಿದುಹೋಯಿತು. ಮಗಳ ಕಡೆಯೇ ನೋಡುತ್ತಾ, "ಹಂಗಾರ ಬ್ಯಾಡ ಬಿಡವಾ. ಮರಳಗುಡ್ಡ ನೋಡಿ ಬಂದ್ಬಿಡು" ಎಂದ. ಇಷ್ಟು ವರ್ಷ ಊರಿಗೆಲ್ಲ ಮೊಣಕಾಲುದ್ದದ ಸಮುದ್ರ ಹಂಚಿದವನು ಅವನೇ.

ರೂಪಾಳ ಕಣ್ಣು ತುಂಬಿತು. ಎಲ್ಲರೂ ನನ್ನ ಕಡೆ ತಿರುಗಿದರು. ಬೇಡ ಎಂದರೆ ನನ್ನ ನಿದ್ದೆ ನನಗೆ ಉಳಿಯುತ್ತಿತ್ತು. ಆದರೆ ಕೇಳಬೇಕಾದ ಪ್ರಶ್ನೆಯನ್ನು ನಮ್ಮ ಮೂವರಲ್ಲಿ ಯಾರೂ ಕೇಳಿರಲಿಲ್ಲ, ಅವಳು ಕೇಳಿದ್ದಳು.

"ಹೋಗು" ಎಂದೆ. "ದೋಣಿಯವನಿಗೆ ಮೊದಲ ಕೇಳು, ಹೊಳ್ಳೂದು ಯಾವಾಗ ಅಂತ. ನಿಮ್ಮೊಳಗ ಒಬ್ಬಾಕಿ ಏನೂ ನೋಡಬಾರದು. ಮೀನು, ಏಡಿ, ಏನೂ. ಬಂದ ದಾರಿ ಕಡೆ ಮುಖ ಮಾಡಿ ನಿಂದರಬೇಕು. ಪಾಳಿ ಮ್ಯಾಲ."

"ಅಣ್ಣಾರ, ಇದು ನಿಮ್ಮ ಹೂಂ ಏನ್ರಿ?" ಎಂದು ವೈನಿ ಕೇಳಿದರು.

"ಹೂಂರಿ ವೈನಿ" ಎಂದೆ.

ಅವರು ದ್ವೀಪಕ್ಕೆ ಹೋಗುವ ದಿನ ನಾನು ಮನೆಯಲ್ಲಿ ಒಂದು ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಚಹಾ ಒಲೆಯ ಮೇಲೆ ಉಕ್ಕಿತು. ರೂಪಾಳ ಫೋನು ವ್ಯಾಪ್ತಿಯ ಹೊರಗಿದೆ ಎಂಬ ಹೆಣ್ಣುದನಿಯೊಂದಿಗೆ ಜಗಳಕ್ಕಿಳಿಯುವುದೊಂದು ಬಾಕಿ ಇತ್ತು. ನಾನು ಹೇಳಿದ್ದು ಸರಿಯಾಗಿ ಹೇಳಿದೆನೇ? ಪಾಳಿ ಎಂದೆನೋ ಇಲ್ಲವೋ? ಒಂದು ವಾರದ ಹಿಂದಿನ ನೆನಪೂ ಆಗಲೇ ಅಲುಗಾಡುತ್ತಿತ್ತು.

ಇಳಿಹೊತ್ತಿಗೆ ಅವಳೇ ಫೋನ್ ಮಾಡಿದಳು. ಹಿಂದೆ ದೋಣಿಯ ಎಂಜಿನ್ನಿನ ಸಪ್ಪಳ, ಹುಡುಗಿಯರ ಕಿಲಕಿಲ.

"ಕಾಕಾ, ದೋಣ್ಯಾಗ ಅದೇವ್ರಿ. ಎಲ್ಲಾರೂ ಆರಾಮ. ನಾ ಅಷ್ಟಪದಿ ನೋಡ್ಲೇ ಇಲ್ರಿ, ಆವಾಗ ನನ್ನ ಪಾಳಿ ಇತ್ತು. ನೀರು ಬರೂದ್ನ ನೋಡಿದೆ."

ನಾನು ಗೋಡೆಗೆ ಒರಗಿದೆ. "ಹೆಂಗ ಬಂತವಾ?"

"ಬಂದಂಗ ಕಾಣಲಿಲ್ರಿ ಕಾಕಾ. ನೆಲಾನ ಕಡಿಮಿ ಆಕ್ಕೋತ ಹೋತು."

ಬಸುವಿಗೆ ಫೋನ್ ಹಚ್ಚಿದೆ. ಅದು ಒಂದು ಸಲವೂ ಪೂರ್ತಿ ರಿಂಗಾಗಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ, "ಬಂದ್ಲೇನಲೇ?" ಎಂದ.

"ದೋಣ್ಯಾಗ ಅದಾಳ. ಆರಾಮ ಅದಾಳ."

ಅವನು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.